ಬಾಕ್ಸ್ ಮೇಲಿನ ರೇಟು ಹೀಟರ್‌ನ ರೇಟಲ್ಲ

1/10

ಚಳಿಗಾಲ ಶುರುವಾಯ್ತು ಅಂದ್ರೆ ಫೀಡ್ ತುಂಬಾ ಅದೇ ರೀಲ್. ಹೊರಗೆ ಹಿಮ, ಒಳಗೆ ಹಳದಿ ಲೈಟು, ಕೈಯಲ್ಲಿ ಕಾಫಿ ಮಗ್, ವ್ಯಾನಿನ ಮೂಲೆಯಲ್ಲಿ ಬುಸ್ ಅಂತ ಬಿಸಿಗಾಳಿ ಬಿಡೋ ಒಂದು ಚಿಕ್ಕ ಡಬ್ಬ. ಕೆಳಗೆ ನೂರಾರು ಕಾಮೆಂಟ್, ಎಲ್ಲ ಒಂದೇ: "ಲಿಂಕ್ ಕಳ್ಸಿ ಬ್ರೋ."

ಆ ಡಬ್ಬದ ಹೆಸರು ಡೀಸೆಲ್ ಪಾರ್ಕಿಂಗ್ ಹೀಟರ್. ಜರ್ಮನಿಯ ವೆಬಾಸ್ಟೊ, ಎಬರ್ಸ್‌ಪೆಶರ್ ಕಂಪನಿಗಳು ಇದನ್ನ ಲಾರಿ, ಬೋಟು, ಕ್ಯಾಂಪರ್‌ಗಳಿಗೆ ಎಷ್ಟೋ ವರ್ಷದಿಂದ ಮಾಡ್ತಿವೆ. ಈಗ ಅದೇ ಆಕಾರದ ಚೀನಾ ಹೀಟರ್‌ಗಳು ಅದರ ಒಂದು ಭಾಗದಷ್ಟು ಬೆಲೆಗೆ ಆನ್‌ಲೈನಲ್ಲಿ ಸಿಗ್ತಿವೆ. ಹಾಗಾಗಿ "ಲಡಾಖ್ ವಿಂಟರ್ ಟ್ರಿಪ್" ಪ್ಲ್ಯಾನ್ ಮಾಡೋ ಪ್ರತಿ ಗ್ರೂಪಲ್ಲೂ ಒಬ್ಬ ಇದ್ದೇ ಇರ್ತಾನೆ: "ಮಗಾ, ಒಂದು ಹೀಟರ್ ತಗೊಂಡು ನಾವೇ ಫಿಟ್ ಮಾಡೋಣ, ಯೂಟ್ಯೂಬಲ್ಲಿ ಎಲ್ಲ ಇದೆ."

ಈ ಸೀರೀಸ್ ಅವನಿಗೆ. ಅವನ ಜೊತೆ ಆ ವ್ಯಾನಲ್ಲಿ ಮಲಗೋ ನಿಮಗೆ ಇನ್ನೂ ಜಾಸ್ತಿ.

ನನ್ನ ಮಾತು ಮೊದಲೇ ಹೇಳ್ಬಿಡ್ತೀನಿ. ಡೀಸೆಲ್ ಹೀಟರ್ ಕೆಟ್ಟದ್ದಲ್ಲ. ಸರಿಯಾಗಿ ಹಾಕಿದ್ರೆ, ವ್ಯಾನಲ್ಲಿ ಬೆಚ್ಚಗೆ ಮಲಗೋಕೆ ಇರೋ ದಾರಿಗಳಲ್ಲಿ ಇದೇ ಒಳ್ಳೇ ದಾರಿ. ಆದ್ರೆ ಅದರ ಬೆಲೆ ಬಾಕ್ಸ್ ಮೇಲೆ ಬರೆದಿರೋದಲ್ಲ. ಪೂರ್ತಿ ಖರ್ಚು ಹಾಕೋ ಶಕ್ತಿ ಇಲ್ಲ ಅಂದ್ರೆ ಅರ್ಧ ಖರ್ಚಲ್ಲಿ ಹಾಕಿಸಬೇಡಿ. ಆ ದುಡ್ಡಿಗೆ ಒಳ್ಳೇ ಸ್ಲೀಪಿಂಗ್ ಬ್ಯಾಗ್ ತಗೊಳ್ಳಿ.

ಯಾಕೆ ಅಂತ ಒಂದೊಂದಾಗಿ ನೋಡೋಣ. ಉದ್ದ ಇದೆ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

2/10

ಮೊದಲು ಇದು ಕೆಲಸ ಮಾಡೋದು ಹೇಗೆ?

ಮಲೆನಾಡಿನ ಬಚ್ಚಲು ಮನೆ ನೋಡಿದ್ದೀರಲ್ಲ? ಹಂಡೆ ಒಲೆ. ಬೆಂಕಿ ಕೆಳಗೆ ಉರಿಯುತ್ತೆ, ಹೊಗೆ ಗೂಡಿನಿಂದ ಹೊರಗೆ ಹೋಗುತ್ತೆ, ನೀರು ಹಂಡೆಯೊಳಗೆ ಕಾಯುತ್ತೆ. ಬೆಂಕಿಯ ಬಿಸಿ ನೀರಿಗೆ ಸಿಗುತ್ತೆ, ಹೊಗೆ ಮಾತ್ರ ನೀರನ್ನ ಮುಟ್ಟಲ್ಲ. ಮಧ್ಯದಲ್ಲಿ ತಾಮ್ರದ ಗೋಡೆ ಇದೆ.

ಡೀಸೆಲ್ ಹೀಟರ್ ಅಂದ್ರೆ ಅದೇ ಹಂಡೆ, ನೀರಿನ ಬದಲು ಗಾಳಿ. ಒಳಗೆ ಮುಚ್ಚಿದ ಒಂದು ಕೋಣೆ. ಅದಕ್ಕೆ ಒಂದು ಪೈಪ್ ವ್ಯಾನಿನ ಕೆಳಗಿಂದ, ಹೊರಗಿನ ಗಾಳಿ ಎಳೆಯುತ್ತೆ. ಚಿಕ್ಕ ಪಂಪ್ ಟಿಕ್ ಟಿಕ್ ಅಂತ ಹನಿಹನಿಯಾಗಿ ಡೀಸೆಲ್ ಬಿಡುತ್ತೆ. ಗ್ಲೋ ಪ್ಲಗ್ ಕೆಂಪಗೆ ಕಾದು ಹೊತ್ತಿಸುತ್ತೆ. ಉರಿದ ಹೊಗೆ ಇನ್ನೊಂದು ಪೈಪಿನಿಂದ ವ್ಯಾನಿನ ಕೆಳಗೆ ಹೊರಕ್ಕೆ. ಆ ಕೋಣೆಯ ಸುತ್ತ ಅಲ್ಯೂಮಿನಿಯಂ ಗೋಡೆ. ಫ್ಯಾನ್ ವ್ಯಾನಿನ ಒಳಗಿನ ಗಾಳಿನ ಆ ಗೋಡೆ ಮೇಲೆ ಹಾಯಿಸಿ ಬಿಸಿ ಮಾಡಿ ವಾಪಸ್ ಕೊಡುತ್ತೆ.

ಅಂದ್ರೆ ಎರಡು ಗಾಳಿ. ಉರಿಯೋ ಗಾಳಿ ಬೇರೆ, ಉಸಿರಾಡೋ ಗಾಳಿ ಬೇರೆ. ಈ ಎರಡೂ ಸೇರಬಾರದು. ಇಡೀ ಹೀಟರ್‌ನ ಜಾಣತನ ಇರೋದೇ ಇಲ್ಲಿ, ಇಡೀ ಅಪಾಯ ಇರೋದೂ ಇಲ್ಲೇ.

2 ಕಿಲೋವ್ಯಾಟ್ ಹೀಟರ್ ಗಂಟೆಗೆ ಸುಮಾರು 0.1ರಿಂದ 0.28 ಲೀಟರ್ ಡೀಸೆಲ್ ಕುಡಿಯುತ್ತೆ. ಒಂದು ಲೀಟರ್ ಡೀಸೆಲ್‌ನಲ್ಲಿ ಇರೋ ಶಕ್ತಿ ಸುಮಾರು 10 ಯೂನಿಟ್. ಈ ಒಂದು ಅಂಕಿ ನೆನಪಿಟ್ಕೊಳ್ಳಿ, ಅಂಗಡಿಯವನ ಸುಳ್ಳು ಹಿಡಿಯೋಕೆ ಸಾಕು. ಸ್ಟಿಕ್ಕರ್ ಮೇಲೆ "8 ಕಿಲೋವ್ಯಾಟ್" ಅಂತ ಇದೆ, ಕೆಳಗೆ ಚಿಕ್ಕ ಅಕ್ಷರದಲ್ಲಿ "ಗಂಟೆಗೆ ಗರಿಷ್ಠ ಅರ್ಧ ಲೀಟರ್" ಅಂತ ಇದೆ ಅನ್ಕೊಳ್ಳಿ. ಅರ್ಧ ಲೀಟರಲ್ಲಿ ಇರೋದೇ 5 ಯೂನಿಟ್. 8 ಎಲ್ಲಿಂದ ಬಂತು? ಪಿಯುಸಿ ಗಣಿತ ಕೂಡ ಬೇಡ ಇದಕ್ಕೆ.

3/10

"ಹೀಟರ್ ಯಾಕೆ ಗುರು, ಇಂಜಿನ್ ಆನ್ ಇಟ್ಟು ಮಲಗಿದ್ರಾಯ್ತು" ಅನ್ನೋರಿಗೆ ಲೆಕ್ಕ.

ಡೀಸೆಲ್ ಲೀಟರಿಗೆ 90 ರೂಪಾಯಿ ಅಂತ ಇಟ್ಕೊಳ್ಳೋಣ. ಹೀಟರ್ ಗಂಟೆಗೆ 0.2 ಲೀಟರ್ ಅಂದ್ರೆ 8 ಗಂಟೆಗೆ 1.6 ಲೀಟರ್, 144 ರೂಪಾಯಿ. ವ್ಯಾನಿನ ಇಂಜಿನ್ ಸುಮ್ನೆ ನಿಂತಲ್ಲೇ ಓಡೋಕೆ ಗಂಟೆಗೆ ಮುಕ್ಕಾಲು ಲೀಟರ್ ಅಂತ ಹಿಡಿದ್ರೂ ರಾತ್ರಿಗೆ 6 ಲೀಟರ್, 540 ರೂಪಾಯಿ. ಹತ್ತು ರಾತ್ರಿ ಅಂದ್ರೆ 1,440 ಮತ್ತು 5,400. ಜೊತೆಗೆ ಸೈಲೆನ್ಸರ್ ಹಿಂದೆ ಹಿಮ ಕಟ್ಕೊಂಡ್ರೆ ಆ ಹೊಗೆ ವ್ಯಾನಿನ ಕೆಳಗೇ ಸುತ್ತಿ ಒಳಗೆ ನುಗ್ಗುತ್ತೆ.

"ಹಾಗಾದ್ರೆ ಚಿಕ್ಕ ಸಿಲಿಂಡರ್ ಗ್ಯಾಸ್ ಹೀಟರ್?" ಅದರಲ್ಲಿ ಉರಿಯೋ ಗಾಳಿ, ಉಸಿರಾಡೋ ಗಾಳಿ ಎರಡೂ ಒಂದೇ. ನಿಮ್ಮ ಆಕ್ಸಿಜನ್‌ನ ಅದೂ ತಿನ್ನುತ್ತೆ, ಹೊಗೆನ ನಿಮ್ಮ ಜೊತೆಗೇ ಬಿಡುತ್ತೆ. ಒಂದು ಕೆಜಿ ಎಲ್‌ಪಿಜಿ ಉರಿದ್ರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಒಳಗೇ ಉಳಿಯುತ್ತೆ. ಬೆಳಗ್ಗೆ ಎದ್ರೆ ಗಾಜು, ಸೀಲಿಂಗು, ಹಾಸಿಗೆ ಎಲ್ಲ ಒದ್ದೆ.

"ಕೆಂಡ ಇಟ್ಕೊಂಡ್ರೆ?" ಮುಚ್ಚಿದ ಜಾಗದಲ್ಲಿ ಕೆಂಡ ಇಟ್ಕೊಂಡು ಮಲಗೋದು ಇವೆಲ್ಲಕ್ಕಿಂತ ಕೆಟ್ಟದ್ದು. ಹೊಗೆ ಕಾಣಲ್ಲ, ಆದ್ರೆ ವಿಷಾನಿಲ ಸಮೃದ್ಧಿಯಾಗಿ ಬರುತ್ತೆ.

2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ 8 ಪ್ರವಾಸಿಗರು, ಅದರಲ್ಲಿ ನಾಲ್ಕು ಮಕ್ಕಳು, ಗ್ಯಾಸ್ ಹೀಟರ್ ಇಟ್ಟ ಒಂದೇ ರೂಮಲ್ಲಿ ಮಲಗಿದವರು ಏಳಲಿಲ್ಲ. ಅದು ವ್ಯಾನಲ್ಲ, ಹೋಟೆಲ್ ರೂಮು. ವ್ಯಾನ್ ಅದಕ್ಕಿಂತ ಎಷ್ಟು ಚಿಕ್ಕದು ಅಂತ ಯೋಚನೆ ಮಾಡಿ.

ಅಷ್ಟು ದೂರ ಯಾಕೆ, ನಮ್ಮ ಊರುಗಳ ಬಾತ್‌ರೂಮಲ್ಲೇ ಗ್ಯಾಸ್ ಗೀಸರ್‌ನಿಂದ ಸತ್ತವರ ಸುದ್ದಿ ಮತ್ತೆ ಮತ್ತೆ ಪೇಪರಲ್ಲಿ ಬರುತ್ತೆ. ಕಾರಣ ಅದೇ: ಮುಚ್ಚಿದ ಜಾಗ, ಒಳಗೇ ಉರಿ, ಹೊಗೆಗೆ ದಾರಿ ಇಲ್ಲ.

ಹಾಗಾಗಿ ಹೊಗೆನ ಹೊರಗೆ ಕಳಿಸೋ ಡೀಸೆಲ್ ಹೀಟರ್ ಪರವಾಗಿಯೇ ನಾನು ಮಾತಾಡ್ತಿರೋದು. ಅದು ಹೊಗೆನ ನಿಜವಾಗ್ಲೂ ಹೊರಗೆ ಕಳಿಸ್ತಿದ್ರೆ.

4/10

ಈಗ ಮುಖ್ಯ ವಿಷಯ. ಇದೊಂದು ಓದಿ, ಉಳಿದದ್ದು ಬಿಟ್ರೂ ಪರವಾಗಿಲ್ಲ.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಡೀಸೆಲ್ ಹೊಗೆಯ ವಾಸನೆ ಬಂದ್ರೆ ಗೊತ್ತಾಗಬಹುದು, ಆದ್ರೆ ವಾಸನೆ ಇಲ್ಲ ಅಂದ್ರೆ ಅನಿಲ ಇಲ್ಲ ಅಂತ ಅರ್ಥ ಅಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್‌ನ ಹಿಡಿಯೋದಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನ ಹಿಡ್ಕೊಳ್ಳುತ್ತೆ. ಬಸ್ಸಲ್ಲಿ ಸೀಟೆಲ್ಲ ಇವನೇ ಟವೆಲ್ ಹಾಕಿ ಹಿಡಿದ್ರೆ ಆಕ್ಸಿಜನ್ ನಿಂತ್ಕೊಂಡು ಹೋಗೋ ಹಾಗೂ ಇಲ್ಲ, ಇಳೀಬೇಕು.

ಲಕ್ಷಣ ಏನು? ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು.

ಈಗ ಲೇಹ್‌ಗೆ ಮೊದಲ ಸಲ ಹೋದವರನ್ನ ಕೇಳಿ, ಮೊದಲ ರಾತ್ರಿ ಏನಾಗುತ್ತೆ ಅಂತ. ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು. ಎತ್ತರದ ಕಾಯಿಲೆ ಅಂತಾರೆ ಅದಕ್ಕೆ.

ಎರಡೂ ಪಟ್ಟಿ ಒಂದೇ. ಅರ್ಥ ಆಯ್ತಾ? ಬೆಂಗಳೂರಲ್ಲಿ ವ್ಯಾನೊಳಗೆ ತಲೆನೋವು ಬಂದ್ರೆ "ಏನೋ ಸರಿಯಿಲ್ಲ" ಅನ್ಸುತ್ತೆ. 3,500 ಮೀಟರ್ ಎತ್ತರದಲ್ಲಿ ಅದೇ ತಲೆನೋವು ಬಂದ್ರೆ "ಹೈಟ್‌ದು ಮಗಾ, ನೀರು ಕುಡ್ದು ಮಲ್ಕೋ, ಬೆಳಗ್ಗೆ ಸರಿಹೋಗುತ್ತೆ" ಅಂತ ಗೆಳೆಯನೇ ಹೇಳ್ತಾನೆ. ಪ್ರೀತಿಯಿಂದಲೇ ಹೇಳ್ತಾನೆ. ಮೊದಲೇ ಆಕ್ಸಿಜನ್ ಕಮ್ಮಿ ಇರೋ ಜಾಗ, ಅದರ ಮೇಲೆ ಇದು.

ಅದಕ್ಕೇ ಮನುಷ್ಯರ ಮೂಗು, ಅಂದಾಜು, ಧೈರ್ಯ ಯಾವುದನ್ನೂ ನಂಬೋ ಹಾಗಿಲ್ಲ. ಅಲಾರಂ ಬೇಕು. ಯೂರೋಪಲ್ಲಿ ಕ್ಯಾಂಪರ್ ಮತ್ತು ಬೋಟುಗಳಿಗೆ ಅಂತಲೇ ಇರೋ ಮಾನದಂಡ ಇಎನ್ 50291-2. ಆ ನಂಬರ್ ಇರೋದನ್ನ ತಗೊಳ್ಳಿ. ಮನೆಗೆ ಅಂತ ಮಾಡಿದ್ದು ಗಾಡಿಯ ಅಲುಗಾಟಕ್ಕೆ, ಚಳಿಗೆ ಅಂತ ಪರೀಕ್ಷೆ ಆಗಿರಲ್ಲ. ಮಲಗಿದಾಗ ತಲೆ ಇರೋ ಎತ್ತರದ ಹತ್ತಿರ ಹಾಕಿ. ಹೊರಡೋ ಮುಂಚೆ ಟೆಸ್ಟ್ ಬಟನ್ ಒತ್ತಿ.

ಕೂಗಿತು ಅಂದ್ರೆ ಚರ್ಚೆ ಇಲ್ಲ. ಬಾಗಿಲು ತೆಗೀರಿ, ಎಲ್ಲರನ್ನೂ ಎಬ್ಬಿಸಿ ಹೊರಗೆ ಕರ್ಕೊಂಡು ಬನ್ನಿ, ಆಮೇಲೆ ಮಿಕ್ಕಿದ್ದು.

5/10

ಕಾಮರ್ಸ್ ಮಕ್ಕಳೇ, ಕಾಸ್ಟ್ ಶೀಟ್ ತೆಗೀರಿ.

ಪ್ರೈಮ್ ಕಾಸ್ಟ್‌ನ ಟೋಟಲ್ ಕಾಸ್ಟ್ ಅಂತ ಬರೆದ್ರೆ ಲೆಕ್ಚರರ್ ಕೆಂಪು ಪೆನ್ನಲ್ಲಿ ಸುತ್ತು ಹಾಕ್ತಾರೆ. ರೀಲ್ ಮಾಡೋರು ಅದನ್ನೇ ದಿನಾ ಮಾಡ್ತಿದ್ದಾರೆ, ಸುತ್ತು ಹಾಕೋರು ಯಾರೂ ಇಲ್ಲ.

ಬಾಕ್ಸಲ್ಲಿ ಏನು ಬರುತ್ತೆ? ಹೀಟರ್, ಪಂಪ್, ಒಂದಷ್ಟು ಪೈಪು, ಸ್ವಿಚ್ಚು, ಪ್ಲಾಸ್ಟಿಕ್ ಟ್ಯಾಂಕು. ಅಷ್ಟೇ.

ಬಾಕ್ಸಲ್ಲಿ ಬರದೇ ಇರೋದು:

ವಿಷಾನಿಲದ ಅಲಾರಂ. ಒಂದು ಸಾಕು, ಎರಡಿದ್ರೆ ಇನ್ನೂ ಒಳ್ಳೇದು.

ಬೆಂಕಿ ಆರಿಸೋ ಸಿಲಿಂಡರ್.

ಎರಡನೇ ಬ್ಯಾಟರಿ. ಹೀಟರ್ ಹೊತ್ತಿಕೊಳ್ಳೋವಾಗ ಗ್ಲೋ ಪ್ಲಗ್ 10 ಆಂಪಿಯರ್ ಹತ್ತಿರ ಎಳೆಯುತ್ತೆ, ಆಮೇಲೆ ಫ್ಯಾನಿಗೆ ಒಂದೆರಡು ಆಂಪಿಯರ್. ರಾತ್ರಿಯಿಡೀ ಇದನ್ನ ಸ್ಟಾರ್ಟಿಂಗ್ ಬ್ಯಾಟರಿಯಿಂದ ತಗೊಂಡ್ರೆ ಮೈನಸ್ ಡಿಗ್ರಿ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲ್ಲ. ಚಳಿಗೆ ಬ್ಯಾಟರಿ ಶಕ್ತಿ ಮೊದಲೇ ಕುಗ್ಗಿರುತ್ತೆ.

ಸರಿಯಾದ ದಪ್ಪದ ವೈರು, ಬ್ಯಾಟರಿ ಪಕ್ಕದಲ್ಲೇ ಫ್ಯೂಸು.

ನೆಲಕ್ಕೆ ಕೂರಿಸೋ ಲೋಹದ ಪ್ಲೇಟು, ಗ್ಯಾಸ್ಕೆಟ್ಟು. ಗಟ್ಟಿ ಎಕ್ಸಾಸ್ಟ್ ಪೈಪು, ಕ್ಲ್ಯಾಂಪು, ಬಿಸಿ ತಡೆಯೋ ಸುತ್ತುಪಟ್ಟಿ.

ಟ್ಯಾಂಕಿಗೆ ಪೈಪ್ ಇಳಿಸೋ ಕೆಲಸ. ಗೊತ್ತಿರೋ ಮೆಕ್ಯಾನಿಕ್‌ನ ಒಂದು ದಿನದ ಕೂಲಿ.

ವ್ಯಾನಿಗೆ ಇನ್ಸುಲೇಷನ್. ಬರೀ ತಗಡಿನ ಗೋಡೆ ಇರೋ ವ್ಯಾನಿಗೆ ಹೀಟರ್ ಹಾಕೋದು ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ. ಎಷ್ಟೋ ಸಲ ಗೋಡೆ, ನೆಲ, ಗಾಜಿಗೆ ಸರಿಯಾಗಿ ಹೊದಿಸಿದ ಮೇಲೆ ಅರ್ಧ ಚಳಿ ಹೀಟರ್ ಇಲ್ಲದೆಯೇ ಹೋಗಿರುತ್ತೆ.

ಇದೆಲ್ಲದರ ಬೆಲೆ ನಿಮ್ಮೂರಿನ ಅಂಗಡಿಗಳಲ್ಲಿ ಕೇಳಿ ಬರ್ಕೊಳ್ಳಿ. ಅಗ್ಗದ ಹೀಟರ್ ಆದ್ರೆ ಮಿಕ್ಕ ಪಟ್ಟಿಯೇ ಹೀಟರ್‌ಗಿಂತ ಜಾಸ್ತಿ ಆಗುತ್ತೆ. ಆಗ ಬಜೆಟ್ ಮೀರಿತು ಅಂದ್ರೆ ಜನ ಮೊದಲು ಯಾವುದನ್ನ ಕತ್ತರಿಸ್ತಾರೆ ಹೇಳಿ? ಅಲಾರಂ. ಯಾಕಂದ್ರೆ ಅದು ಬಿಸಿ ಕೊಡಲ್ಲ, ರೀಲಲ್ಲೂ ಕಾಣಲ್ಲ.

ಇನ್ನೊಂದು ಮಾತು. ಹೀಟರ್ ಆಗ್ಲೇ ತಗೊಂಡಾಗಿದೆ, ಇನ್ನು ಹಾಕದೆ ಬಿಟ್ರೆ ದುಡ್ಡು ದಂಡ ಅಂತ ಅನ್ಸಿದ್ರೆ, ಅದಕ್ಕೆ ಸಂಕ್ ಕಾಸ್ಟ್ ಅಂತಾರೆ. ಹೋದ ದುಡ್ಡು ಹೋಯ್ತು. ಮುಂದಿನ ತೀರ್ಮಾನದಲ್ಲಿ ಅದನ್ನ ಸೇರಿಸಬಾರದು. ಎಕ್ಸಾಮ್‌ಗೆ ಓದಿದ್ದು ಒಂದು ಸಲನಾದ್ರೂ ಬದುಕಿಗೆ ಬರ್ಲಿ.

6/10

ಕೂರಿಸೋವಾಗ ಎಲ್ಲಿ ಕೆಡುತ್ತೆ? ನೀವೇ ಮಾಡದೇ ಇದ್ರೂ, ಮಾಡಿಸಿದ ಮೇಲೆ ಬಗ್ಗಿ ನೋಡೋಕೆ ಈ ಪಟ್ಟಿ.

ಒಂದು. ಎಕ್ಸಾಸ್ಟ್‌ನ ಒಂದೇ ಒಂದು ಜಾಯಿಂಟ್ ಕೂಡ ವ್ಯಾನಿನ ಒಳಗೆ ಇರಬಾರದು. ಎಲ್ಲ ನೆಲದ ಕೆಳಗೆ. ಹೀಟರ್ ಮತ್ತು ನೆಲದ ಮಧ್ಯದ ಗ್ಯಾಸ್ಕೆಟ್ಟೇ ನಿಮ್ಮ ಹಂಡೆಯ ಗೋಡೆ. ಅಲ್ಲಿ ಸಂದು ಬಿಟ್ರೆ ಕಥೆ ಮುಗೀತು.

ಎರಡು. ಕಿಟ್ ಜೊತೆ ಬರೋ ಅಗ್ಗದ ಸೈಲೆನ್ಸರ್‌ಗಳು ಬೆಸುಗೆ ಹತ್ರ ಸೋರೋದು ಮಾಮೂಲಿ. ಬಯಲಲ್ಲಿ ಸೋರಿದ್ರೆ ನಡೆಯುತ್ತೆ, ಮುಚ್ಚಿದ ಜಾಗದಲ್ಲಿ ಸೋರಿದ್ರೆ ನಡೆಯಲ್ಲ.

ಮೂರು. ಎಕ್ಸಾಸ್ಟ್‌ನ ಬಾಯಿ ವ್ಯಾನಿನ ಅಂಚಿನಿಂದ ಆಚೆ ಬರಬೇಕು. ಬಾಗಿಲು, ಕಿಟಕಿ, ಗಾಳಿ ಎಳೆಯೋ ಪೈಪು ಇವುಗಳ ಹತ್ತಿರ ಇರಬಾರದು. ಮುಂದಕ್ಕೆ ಮುಖ ಮಾಡಿರಬಾರದು. ಹಿಮ ಬೀಳೋ ಕಡೆ ನಿಲ್ಸಿದ್ರೆ ಮಲಗೋ ಮುಂಚೆ ಟಾರ್ಚ್ ಹಿಡ್ಕೊಂಡು ಹೋಗಿ ಬಾಯಿ ಮುಚ್ಚಿದೆಯಾ ನೋಡಿ.

ನಾಲ್ಕು. ಆ ಪೈಪು ಮುಟ್ಟೋಕಾಗದಷ್ಟು ಕಾಯುತ್ತೆ. ಬ್ರೇಕ್ ಪೈಪು, ಡೀಸೆಲ್ ಪೈಪು, ವೈರು, ಪ್ಲಾಸ್ಟಿಕ್ಕು ಯಾವುದೂ ಪಕ್ಕದಲ್ಲಿ ಇರಬಾರದು.

ಐದು. ಡೀಸೆಲ್‌ನ ಟ್ಯಾಂಕಿಗೇ ಪ್ರತ್ಯೇಕ ಪೈಪ್ ಇಳಿಸಿ ತಗೊಳ್ಳಿ, ತಳ ಮುಟ್ಟದ ಹಾಗೆ. ಆಗ ಹೀಟರ್ ಎಷ್ಟು ಕುಡಿದ್ರೂ ಗಾಡಿಗೆ ಸ್ವಲ್ಪ ಉಳಿದಿರುತ್ತೆ. ಪಂಪ್‌ನ ಹೊರಬಾಯಿ ಮೇಲ್ಮುಖವಾಗಿ ಓರೆ ಇರಲಿ, ಇಲ್ಲಾಂದ್ರೆ ಗಾಳಿಗುಳ್ಳೆ ಕೂತು ಉರಿ ತಪ್ಪುತ್ತೆ.

ಆರು. ನಿಮ್ಮದು ಓಮ್ನಿನಾ, ಈಕೋನಾ? ಅವು ಪೆಟ್ರೋಲು ಇಲ್ಲಾ ಗ್ಯಾಸು. ಡೀಸೆಲ್ ಹೀಟರ್ ಹಾಕಿದ್ರೆ ಬೇರೆ ಟ್ಯಾಂಕೇ ಬೇಕು, ಅದನ್ನ ಮಲಗೋ ಜಾಗದಲ್ಲಿ ಇಡೋ ಹಾಗಿಲ್ಲ. ಡೀಸೆಲ್ ಹೀಟರ್‌ಗೆ ಪೆಟ್ರೋಲ್ ಹಾಕೋ ಪ್ರಯೋಗ ಅಂತೂ ಕನಸಲ್ಲೂ ಬೇಡ.

ಏಳು. ಆಫ್ ಮಾಡಿದ ತಕ್ಷಣ ಬ್ಯಾಟರಿ ಸ್ವಿಚ್ ತೆಗೀಬೇಡಿ. ಕೆಲವು ನಿಮಿಷ ಫ್ಯಾನ್ ಓಡಿ ಒಳಗಿನ ಕಾವು ತೆಗೆಯುತ್ತೆ. ಬಂಕ್ ಒಳಗೆ ಹೋಗೋ ಮುಂಚೆ ಮಾತ್ರ ಹೀಟರ್ ಪೂರ್ತಿ ಆರಿರಬೇಕು. ಒಳಗೆ ಬೆಂಕಿ ಉರೀತಿದೆ ಅನ್ನೋದು ಹೊರಗಿಂದ ಕಾಣಲ್ಲ, ಅದಕ್ಕೇ ಮರೆಯೋದು.

7/10

"ಯೂರೋಪಲ್ಲಿ ಹುಡುಗರು ತಾವೇ ಹಾಕ್ಕೊಂಡು ಆರಾಮಾಗಿ ಸುತ್ತಾಡ್ತಿಲ್ವಾ?"

ಸುತ್ತಾಡ್ತಿದ್ದಾರೆ. ಆದ್ರೆ ಅವರು ನಿಲ್ಲೋ ಜಾಗದ ಎತ್ತರ ನೋಡಿ. ನಾವು ಹೋಗಬೇಕು ಅನ್ನೋ ಜಾಗದ ಎತ್ತರ ನೋಡಿ.

ಲೇಹ್ ಇರೋದು ಸುಮಾರು 3,500 ಮೀಟರ್ ಮೇಲೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು 65 ಪರ್ಸೆಂಟ್. ಹಾನ್ಲೆ ಇನ್ನೂ ಮೇಲೆ, 4,000 ಮೀಟರ್ ದಾಟುತ್ತೆ. ಹೀಟರ್ ಪಂಪ್‌ಗೆ ಇದು ಗೊತ್ತಿಲ್ಲ. ಅದು ಬೆಂಗಳೂರಲ್ಲಿ ಬಿಟ್ಟಷ್ಟೇ ಡೀಸೆಲ್‌ನ ಅಲ್ಲೂ ಬಿಡುತ್ತೆ. ಡೀಸೆಲ್ ಅಷ್ಟೇ, ಆಕ್ಸಿಜನ್ ಕಮ್ಮಿ. ಪೂರ್ತಿ ಉರಿಯಲ್ಲ. ಮಸಿ ಕಟ್ಟುತ್ತೆ, ಕಪ್ಪು ಹೊಗೆ ಬರುತ್ತೆ, ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತೆ. ಎರಡು ಮೂರು ರಾತ್ರಿ ಆದ್ಮೇಲೆ ಒಂದು ನಡುರಾತ್ರಿ ಹೀಟರ್ ಹೊತ್ತಿಕೊಳ್ಳೋದೇ ಇಲ್ಲ.

ಒಳ್ಳೇ ಕಂಪನಿಗಳು ಇದಕ್ಕೆ ಆಲ್ಟಿಟ್ಯೂಡ್ ಕಿಟ್ ಕೊಡ್ತವೆ, ಕೆಲವು ಮಾಡೆಲ್‌ಗಳಲ್ಲಿ ಒತ್ತಡ ಅಳೆಯೋ ಸೆನ್ಸರ್ ಒಳಗೇ ಇರುತ್ತೆ. ತಗೊಳ್ಳೋವಾಗ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಕಿಲೋವ್ಯಾಟ್" ಅಲ್ಲ, "ಎಷ್ಟು ಮೀಟರ್ ಎತ್ತರದ ತನಕ" ಅನ್ನೋದು. ಉತ್ತರ ಬರಹದಲ್ಲಿ ಇಲ್ಲ ಅಂದ್ರೆ ಉತ್ತರ ಇಲ್ಲ ಅಂತಲೇ ಅರ್ಥ.

ದೊಡ್ಡ ಹೀಟರ್ ಒಳ್ಳೇದು ಅನ್ನೋದೂ ತಪ್ಪು. ಚಿಕ್ಕ ವ್ಯಾನಿಗೆ 5 ಕಿಲೋವ್ಯಾಟ್ ಹಾಕಿದ್ರೆ ಅದು ಯಾವಾಗಲೂ ಸಣ್ಣ ಉರಿಯಲ್ಲೇ ಓಡುತ್ತೆ. ಸಣ್ಣ ಉರಿ ಅಂದ್ರೆ ಮತ್ತೆ ಮಸಿ. ಚಿಕ್ಕ ವ್ಯಾನಿಗೆ 2 ಸಾಕು, ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಪೂರ್ತಿ ಉರಿಯಲ್ಲಿ ಓಡಿಸಿ.

ಇನ್ನು ಡೀಸೆಲ್. ಚಳಿ ಜಾಸ್ತಿ ಆದ್ರೆ ಡೀಸೆಲ್‌ನಲ್ಲಿರೋ ಮೇಣ ಗಟ್ಟಿಯಾಗುತ್ತೆ, ಕೊಬ್ಬರಿ ಎಣ್ಣೆ ಡಿಸೆಂಬರಲ್ಲಿ ಹೆಪ್ಪುಗಟ್ಟೋ ಹಾಗೆ. ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಲಡಾಖ್‌ಗೆ ಅಂತಲೇ ಮೈನಸ್ 33 ಡಿಗ್ರಿ ತನಕ ಹರಿಯೋ ಚಳಿಗಾಲದ ಡೀಸೆಲ್ ತಂದಿದ್ದು ಇದಕ್ಕೇ. ಬಯಲುಸೀಮೆಯಲ್ಲಿ ಟ್ಯಾಂಕ್ ತುಂಬಿಸ್ಕೊಂಡು ಮೇಲೆ ಹತ್ತಿದ್ರೆ ಹೀಟರ್‌ನ ಸಣ್ಣ ಪೈಪೇ ಮೊದಲು ಕಟ್ಕೊಳ್ಳೋದು. ನಿಮಗೆ ಅದು ಅತಿ ಹೆಚ್ಚು ಬೇಕಾದ ರಾತ್ರಿಯೇ ಅದು ನಿಲ್ಲೋದು.

8/10

ಕಾನೂನು. ಬೋರ್ ಅನ್ಸುತ್ತೆ, ಆದ್ರೆ ಚಿಕ್ಕದಾಗಿ ಹೇಳ್ತೀನಿ.

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ತಯಾರಕರು ಕೊಟ್ಟ ವಿವರ ಬದಲಾಗೋ ಹಾಗೆ ಗಾಡಿನ ಮಾರ್ಪಾಡು ಮಾಡೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಬಿಗಿಯಾಗಿಯೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಕಾಯ್ದೆ ಒಪ್ಪದ ರೀತಿಯಲ್ಲಿ ಬಿಡಿಭಾಗ ಕೂರಿಸಿ ಗಾಡಿ ಬದಲಾಯಿಸಿದ ಮಾಲೀಕರಿಗೆ ಆರು ತಿಂಗಳ ತನಕ ಜೈಲು, ಇಲ್ಲಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲಾ ಎರಡೂ ಅಂತ ಸೇರಿಸಿದ್ರು.

ನಿಮ್ಮ ಹೀಟರ್ ಇದರೊಳಗೆ ಬರುತ್ತಾ ಅನ್ನೋದನ್ನ ಕಾಮೆಂಟ್ ಬಾಕ್ಸಲ್ಲಿ ಕೇಳಬೇಡಿ. ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಬರೆದು ಕೊಟ್ಟು ಕೇಳಿ. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ, ಉತ್ತರ ಇಟ್ಕೊಳ್ಳಿ. ಟ್ಯಾಂಕಿಗೆ ತೂತು ಹಾಕಿ, ನೆಲಕ್ಕೆ ತೂತು ಹಾಕಿ, ಒಳಗೆ ಬೆಂಕಿ ಉರಿಸೋ ಯಂತ್ರ ಕೂರಿಸಿದ ಗಾಡಿ ಸುಟ್ಟುಹೋದ್ರೆ, ಹೇಳದೇ ಮಾಡಿದ ಕೆಲಸಕ್ಕೆ ಕ್ಲೇಮ್ ಕೊಡಲ್ಲ ಅನ್ನೋಕೆ ಅವರಿಗೆ ಕಾರಣ ನೀವೇ ಕೊಟ್ಟ ಹಾಗೆ.

ಇಲ್ಲಿ ಒಂದು ಮಾತು ಸರ್ಕಾರದ ಕಡೆಗೂ ಇದೆ. ಯೂರೋಪಲ್ಲಿ ಇಂಥ ಹೀಟರ್‌ಗಳಿಗೆ ಅಂತಲೇ ಒಂದು ನಿಯಮ ಇದೆ, ವಿಶ್ವಸಂಸ್ಥೆಯ ರೆಗ್ಯುಲೇಷನ್ 122. ಎಕ್ಸಾಸ್ಟ್ ಎಲ್ಲಿರಬೇಕು, ಗಾಳಿ ಎಲ್ಲಿಂದ ಬರಬೇಕು, ಇಂಧನ ತುಂಬಿಸೋ ಜಾಗದ ಹತ್ರ "ಹೀಟರ್ ಆಫ್ ಮಾಡಿ" ಅಂತ ಬರಹ ಇರಬೇಕು ಅನ್ನೋ ತನಕ ಅದರಲ್ಲಿದೆ. ಅಲ್ಲಿ ಹುಡುಗರು ತಾವೇ ಹಾಕ್ಕೊಳ್ಳೋಕೆ ಧೈರ್ಯ ಬರೋದು, ಹೇಗೆ ಹಾಕಬೇಕು ಅನ್ನೋದು ಹೀಗೆ ಬರಹದಲ್ಲಿ ಇರೋದ್ರಿಂದ. ಆನ್‌ಲೈನಲ್ಲಿ ಮಾರೋಕೆ ಬಿಟ್ಟು, ಹಾಕಿಸೋಕೆ ಸ್ಪಷ್ಟ ದಾರಿ ತೋರಿಸದೇ ಇದ್ರೆ ಜನ ಕದ್ದು ಹಾಕಿಸ್ತಾರೆ. ಕದ್ದು ಮಾಡೋ ಕೆಲಸದಲ್ಲಿ ಪರೀಕ್ಷೆ ಮಾಡೋರು ಇರಲ್ಲ. ಬ್ಯಾನ್ ಮಾಡಿ ಅಂತ ನಾನು ಕೇಳ್ತಿಲ್ಲ. ದಾರಿ ತೋರಿಸಿ ಅಂತ ಕೇಳ್ತಿದ್ದೀನಿ.

9/10

ಈಗ ನಿಜ ಹೇಳಿ. ನಿಮಗೆ ಇದು ಬೇಕಾ?

ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ಊಟಿ. ನಮ್ಮಲ್ಲಿ ಹೆಚ್ಚಿನವರ ವ್ಯಾನ್ ಟ್ರಿಪ್ ಅಂದ್ರೆ ಇಷ್ಟೇ. ಅಲ್ಲಿನ ಚಳಿಗೆ ಒಂದು ಕಂಬಳಿ, ಕಿವಿ ಮುಚ್ಚೋ ಟೋಪಿ, ಎರಡು ಜೊತೆ ಸಾಕ್ಸ್ ಸಾಕು. ಅದಕ್ಕೂ ಹೀಟರ್ ಬೇಕು ಅಂದ್ರೆ ಅದು ಚಳಿಯಲ್ಲ, ಕಂಟೆಂಟು.

2020ರ ಅಕ್ಟೋಬರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಲಾಹೌಲ್ ಕಣಿವೆಗೆ ಚಳಿಗಾಲದಲ್ಲೂ ಹೋಗೋಕೆ ದಾರಿ ಆಯ್ತು. ಹಾಗಾಗಿ ಸ್ಪಿತಿ, ಲಡಾಖ್ ಚಳಿಗಾಲದ ಆಸೆ ನಮ್ಮ ವಯಸ್ಸಿನವರಿಗೆ ಬರೋದು ಸಹಜ. ಹೋಗಿ, ಖಂಡಿತ ಹೋಗಿ. ಆದ್ರೆ ಅಲ್ಲಿನ ಜನ ಶತಮಾನದಿಂದ ಆ ಚಳಿಯಲ್ಲಿ ಬದುಕಿದ್ದಾರೆ. ಅವರ ಮನೆಯ ಬುಖಾರಿ ಒಲೆಗೆ ಮಾಡು ದಾಟೋ ಹೊಗೆಕೊಳವೆ ಇದೆ. ಹೋಮ್‌ಸ್ಟೇಯಲ್ಲಿ ಮಲಗಿದ್ರೆ ನಿಮ್ಮ ದುಡ್ಡು ಅವರ ಕೈಗೆ ಹೋಗುತ್ತೆ, ಒಲೆ ಮುಂದೆ ನಾಲ್ಕು ಮಾತು ಸಿಗುತ್ತೆ. ವ್ಯಾನಲ್ಲೇ ಮಲಗಬೇಕು ಅನ್ನೋ ಹಠ ಯಾಕೆ?

ಇನ್ನೊಂದು ಯೋಚನೆ ನನ್ನನ್ನ ಕಾಡುತ್ತೆ. ಈ ಹೀಟರ್ ಹುಟ್ಟಿದ್ದು ರೀಲ್‌ಗಲ್ಲ. ಯೂರೋಪಿನ ಲಾರಿ ಡ್ರೈವರ್ ರಾತ್ರಿ ಇಂಜಿನ್ ಆಫ್ ಮಾಡಿ ಕ್ಯಾಬಿನಲ್ಲಿ ನಿದ್ದೆ ಮಾಡೋದು ಇದರಿಂದಲೇ. ಅಲ್ಲಿ ಅದು ಕೆಲಸದ ಸಾಮಾನು. ನಮ್ಮಲ್ಲಿ ಲಡಾಖ್‌ಗೆ ಅಕ್ಕಿ, ಸಿಮೆಂಟು, ಗ್ಯಾಸು ಹೊತ್ಕೊಂಡು ಜೋಜಿ ಲಾ ಹತ್ತೋ ಡ್ರೈವರ್, ಹಿಮ ಬಿದ್ದು ದಾರಿ ಮುಚ್ಚಿದ್ರೆ ಕ್ಯಾಬಿನಲ್ಲೇ ರಾತ್ರಿ ಕಳೀಬೇಕು. ನಮ್ಮ ರೀಲಲ್ಲಿ ಆ ಲಾರಿ ಓವರ್‌ಟೇಕ್ ಮಾಡೋವಾಗ ಒಂದು ಸೆಕೆಂಡ್ ಕಾಣುತ್ತೆ, ಅಷ್ಟೇ.

2025ರ ಅಕ್ಟೋಬರ್ 1ರ ನಂತರ ತಯಾರಾಗೋ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಅಂತ ನಿಯಮ ಬಂತು. ಡ್ರೈವರ್‌ಗೆ ಸೆಖೆ ಆಗುತ್ತೆ ಅಂತ ದೇಶ ಒಪ್ಪಿಕೊಳ್ಳೋಕೆ ಇಷ್ಟು ವರ್ಷ ಬೇಕಾಯ್ತು. ಡ್ರೈವರ್‌ಗೆ ಚಳಿಯೂ ಆಗುತ್ತೆ. ಘಟ್ಟದ ಮೇಲೆ ಓಡೋ ಲಾರಿಗೆ ಕಾರ್ಖಾನೆಯಲ್ಲೇ ಕೂರಿಸಿ, ಪರೀಕ್ಷೆ ಮಾಡಿದ ಹೀಟರ್ ಯಾಕಿಲ್ಲ ಅನ್ನೋದು, ನಮ್ಮ ವ್ಯಾನಿಗೆ ಯಾವ ಬ್ರ್ಯಾಂಡ್ ಹಾಕಿಸೋಣ ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ.

10/10

ಹಾಗಾದ್ರೆ ಕೊನೆಗೆ ಏನು ಮಾಡೋಣ?

ಎತ್ತರದ ಚಳಿಯಲ್ಲಿ ವ್ಯಾನಲ್ಲಿ ವಾರಗಟ್ಟಲೆ ಇರ್ತೀರಾ, ಪೂರ್ತಿ ಪಟ್ಟಿಯ ಖರ್ಚು ಹಾಕ್ತೀರಾ, ಎತ್ತರಕ್ಕೆ ಹೊಂದೋ ಮಾಡೆಲ್ ತಗೊಂಡು ಗೊತ್ತಿರೋರ ಕೈಲಿ ಕೂರಿಸಿ, ಊರಲ್ಲೇ ನಾಲ್ಕು ರಾತ್ರಿ ಓಡಿಸಿ ನೋಡ್ತೀರಾ? ಹಾಕಿಸಿ. ಧೈರ್ಯವಾಗಿ ಹಾಕಿಸಿ.

ವರ್ಷಕ್ಕೊಂದು ಸಲ ಐದು ದಿನ ಹೋಗಿ ಬರ್ತೀರಾ? ಬೇಡ. ಬಾಡಿಗೆಗೆ ಸ್ಲೀಪಿಂಗ್ ಬ್ಯಾಗ್, ಬಿಸಿನೀರಿನ ಬ್ಯಾಗು, ಹೋಮ್‌ಸ್ಟೇ. ಅದೇ ಟ್ರಿಪ್ಪು, ಕಮ್ಮಿ ಖರ್ಚು.

ಬಾಡಿಗೆಗೆ ಕ್ಯಾಂಪರ್ ತಗೊಳ್ತೀರಾ, ಅದರಲ್ಲಿ ಹೀಟರ್ ಇದೆಯಾ? ಮೂರು ಪ್ರಶ್ನೆ ಕೇಳಿ. ಎಕ್ಸಾಸ್ಟ್ ಎಲ್ಲಿ ಹೊರಗೆ ಬರುತ್ತೆ ತೋರಿಸಿ. ಅಲಾರಂ ಎಲ್ಲಿದೆ, ಒತ್ತಿ ಕೇಳಿಸಿ. ಕೊನೇ ಸಲ ಬಿಚ್ಚಿ ಮಸಿ ತೆಗೆದಿದ್ದು ಯಾವಾಗ? ಮೂರಕ್ಕೂ ನೇರ ಉತ್ತರ ಬರಲಿಲ್ಲ ಅಂದ್ರೆ ಆ ಹೀಟರ್ ಆನ್ ಮಾಡಬೇಡಿ. ಅಡ್ವಾನ್ಸ್ ಕೊಟ್ಟಾಗಿದೆ ಅಂತ ಮುಲಾಜು ಬೇಡ, ಸಂಕ್ ಕಾಸ್ಟ್ ನೆನಪಿದೆಯಲ್ಲ?

ಗ್ರೂಪಲ್ಲಿ ಹೋಗೋರು ಹುಡುಗ್ರು ಹುಡುಗೀರು ಯಾರೇ ಆಗ್ಲಿ, "ಇವನು ಭಯಸ್ಥ" ಅಂತ ನಗ್ತಾರೆ ಅಂತ ಸುಮ್ಮನಿರಬೇಡಿ. ಹೀಟರ್ ಹಾಕೋ ನಿರ್ಧಾರ ಒಬ್ಬನದ್ದು ಇರಬಹುದು, ಒಳಗೆ ಮಲಗಿ ಉಸಿರಾಡೋರು ನಾಲ್ಕು ಜನ. ನಾಲ್ಕೂ ಜನಕ್ಕೆ ಕೇಳೋ ಹಕ್ಕಿದೆ.

ರೀಲ್ ಮಾಡೋರಿಗೂ ಒಂದು ಕೋರಿಕೆ. ಕಾಫಿ ಮಗ್ ತೋರಿಸಿ, ಬೇಡ ಅನ್ನಲ್ಲ. ಅದರ ಜೊತೆ ಎರಡು ಸೆಕೆಂಡ್ ಗೋಡೆ ಮೇಲಿನ ಅಲಾರಂ ತೋರಿಸಿ. ನಿಮ್ಮನ್ನ ನೋಡಿ ಹಾಕಿಸೋರು ನೀವು ತೋರಿಸಿದ್ದನ್ನ ಮಾತ್ರ ಕೊಂಡ್ಕೊಳ್ತಾರೆ.

ನೋಡೋ ನಮಗೆ ಕೆಲಸ ಇನ್ನೂ ಸುಲಭ. ಮುಂದಿನ ಸಲ ಅಂಥ ರೀಲ್ ಬಂದ್ರೆ "ಲಿಂಕ್ ಕಳ್ಸಿ ಬ್ರೋ" ಬದಲು "ಅಲಾರಂ ಎಲ್ಲಿದೆ ಬ್ರೋ?" ಅಂತ ಹಾಕಿ. ಹತ್ತು ಜನ ಹಾಕಿದ್ರೆ ಹನ್ನೊಂದನೇ ರೀಲಲ್ಲಿ ಅದು ಕಾಣುತ್ತೆ.

ನಿಮ್ಮ ಗ್ರೂಪಲ್ಲಿ "ನಾವೇ ಫಿಟ್ ಮಾಡೋಣ" ಅನ್ನೋನು ಇದ್ದಾನಲ್ಲ, ಅವನಿಗೆ ನಾಲ್ಕನೇ ಭಾಗ ಇವತ್ತೇ ಕಳಿಸಿ. ಒಪ್ಪಲ್ಲ ಅನ್ನೋರು ಕಾಮೆಂಟಲ್ಲಿ ಬನ್ನಿ, ಜಗಳ ಆಡೋಣ. ಕಾಸ್ಟ್ ಶೀಟ್ ಮಾತ್ರ ಜೊತೆಗೆ ತನ್ನಿ.

#ಕ್ಯಾಂಪರ್‌ವ್ಯಾನ್ #ಡೀಸೆಲ್‌ಹೀಟರ್ #ಲಡಾಖ್‌ಚಳಿಗಾಲ #ಅಲಾರಂಎಲ್ಲಿದೆಬ್ರೋ #ಕನ್ನಡದಲ್ಲಿಓದಿ